ಘಟನೆ ನಡೆದ ಸ್ಥಳ

ಮುಧೋಳದ ಸರಕಾರಿ ದವಾಖಾನೆ, ಅಪಘಾತ ವಿಭಾಗ.
ತೂಕದ ಯಂತ್ರಕ್ಕೂ ಕೈತೊಳೆವ ತೊಟ್ಟಿಗೂ ನಡುವೆ ನನ್ನ ಮೇಜು.
ಒಂದು ಕಾಲು ಗಿಡ್ಡ, ಅದರಡಿಗೆ
ಹೋದ ವರ್ಷದ ನಮೂನೆಗಳ ಮಡಿಕೆ.
ನಲವತ್ತೊಂದು ಕಾಲಮ್ಮಿನ ಹಾಳೆ, ಕಾರ್ಬನ್ನಿನ ಕೆಳಗೆ ಇನ್ನೊಂದು.
ತರಬೇತಿಗೆ ಬಂದವರು ಹೇಳಿದ್ದರು:
ಎಣಿಸದೆ ಬಿಟ್ಟದ್ದನ್ನು ತಡೆಯಲಾಗದು, ಕಸ್ತೂರಿ ಮೇಡಮ್.
ಊಟ ಚೆನ್ನಾಗಿತ್ತು. ಒಂದು ಪೆನ್ನು ಕೊಟ್ಟರು, ಒಂದು ಚೀಲ.

ಆದರೆ ಬಿದ್ದವರು ರಸ್ತೆಯ ಹೆಸರೆತ್ತುವುದಿಲ್ಲ.
"ಪಾವಟಿಗಿ ಮ್ಯಾಗಿಂದ ಜಾರಿ ಬಿದ್ನಿರಿ"
ಮೊಣಕಾಲಿನಲ್ಲಿ ಡಾಂಬರಿನ ಹರಳು.
"ಎತ್ತು ಹಾಯ್ತ್ರೀ"
ಎತ್ತಿಗೆ ನಂಬರ್ ಪ್ಲೇಟಿಲ್ಲ, ಎತ್ತಿನ ಮೇಲೆ ಕೇಸಾಗದು.
ಗಾಡಿ ಯಾರು ಹೊಡೆಯುತ್ತಿದ್ದರು ಎಂದರೆ
ಹಿಂದೆ ಕೂತು ಬಂದವಳು ಬಾಗಿಲು ನೋಡುತ್ತಾಳೆ.
ಕುಡಿದಿದ್ದನೇ? ಹೌದು, ಇಲ್ಲ, ಗೊತ್ತಿಲ್ಲ.
ಕೋಣೆಯ ತುಂಬ ವಾಸನೆ.
ಗೊತ್ತಿಲ್ಲಕ್ಕೆ ಸುತ್ತು ಹಾಕುತ್ತೇನೆ.

ತಿಂಗಳ ಕೊನೆಗೆ ಹವಾಲ್ದಾರ ಯಂಕಂಚಿ ಬರುತ್ತಾನೆ.
ಅವನ ವಹಿಯಲ್ಲಿ ಹನ್ನೊಂದು, ನನ್ನದರಲ್ಲಿ ಎಂಬತ್ತಾರು.
ಚಹಾ ಆರಿಸುತ್ತ ತಾಳೆ ನೋಡುತ್ತೇವೆ,
ಹೊಂದುವ ಹೆಸರು ನಾಲ್ಕು.
"ಉಳದಾವ್ರು ನಿಮಗ ಬಿದ್ದಾರ, ನಮಗ ಬಿದ್ದಿಲ್ಲ" ನಗುತ್ತಾನೆ.
ಅವನ ಏಳು ಜನ ನನ್ನಲ್ಲಿಗೆ ಬರಲೇ ಇಲ್ಲ,
ನೆಟ್ಟಗೆ ಮಿರಜಕ್ಕೆ ಹೋದವರು.
ಗಡಿ ದಾಟಿದ ಮೇಲೆ ಅವರ ಎಲುಬು ಮರಾಠಿಯಲ್ಲಿ ದಾಖಲು.
ಇನ್ನು ಎಲುಬು ಕಟ್ಟುವ ಅಜ್ಜನ ಅಂಗಳ ಬೇರೆ:
ಬಿದಿರ ಚಕ್ಕೆ, ತತ್ತಿಯ ಲೋಳೆ, ವಹಿಯೇ ಇಲ್ಲ.

ಜನವರಿ. ಕಬ್ಬಿನ ಸುಗ್ಗಿ.
ರಾತ್ರಿಯಿಡೀ ಜೋಡಿ ಟ್ರೇಲರು, ಹಿಂದೆ ದೀಪವಿಲ್ಲ,
ಹಾಡು ಮಾತ್ರ ಊರೆಬ್ಬಿಸುವಷ್ಟು.
ದಸ್ತಗೀರ ಸ್ಟ್ರೆಚರ್ ತಳ್ಳಿಕೊಂಡು ಬಂದ.
ಎಂಟೋ ಒಂಬತ್ತೋ ವರ್ಷದವ,
ಹೋಗುವ ಟ್ರೇಲರಿನಿಂದ ಒಂದು ಗಳ ಹಿರಿಯಲು ಓಡಿದವ.
ಮುಷ್ಟಿ ಬಿಡಿಸಲು ಸಿಸ್ಟರಿಗೆ ಆಗಲಿಲ್ಲ,
ಕಬ್ಬಿನ ಸಮೇತ ತೊಳೆದರು.

ಕಾಲಮ್ಮು ಹದಿನೇಳು, ರಸ್ತೆ ಬಳಕೆದಾರನ ವರ್ಗ:
ಪಾದಚಾರಿ, ಸೈಕಲ್, ಸವಾರ, ಹಿಂಬದಿ ಸವಾರ, ಪ್ರಯಾಣಿಕ, ಇತರೆ.
ಸಿಹಿಯ ಹಿಂದೆ ಓಡುವವನಿಗೆ ಚೌಕವಿಲ್ಲ.
ಹೆಸರು?
ತಂದು ಹಾಕಿದ ಡ್ರೈವರ್ ಆಗಲೇ ಓಡಿದ್ದ.
ತಾಯಿ ಕಡಿಯುವ ಗ್ಯಾಂಗಿನವಳು, ತಾಂಡಾದವಳು,
ಅವಳು ಬರುವಷ್ಟರಲ್ಲಿ ಆಂಬುಲೆನ್ಸು ಬಾಗಲಕೋಟೆಯ ಹಾದಿಗೆ ಬಿದ್ದಿತ್ತು.
ಫೋನ್: ಮುಕಾದಮನದು.
ಸ್ಥಳ: ಲೋಕಾಪುರ ರಸ್ತೆ, ಬೇವಿನ ಗಿಡ.
ಎಷ್ಟನೆಯ ಬೇವು? ತಂತ್ರಾಂಶ ಅಕ್ಷಾಂಶ ಕೇಳುತ್ತದೆ.

ಮೂವತ್ತನೆಯ ದಿನ ಕರೆ ಮಾಡಬೇಕು.
ಅಷ್ಟರೊಳಗೆ ಸತ್ತರೆ ರಸ್ತೆಯ ಲೆಕ್ಕ,
ಮೂವತ್ತೊಂದನೆಯ ದಿನ ಸತ್ತವನು ತನ್ನಷ್ಟಕ್ಕೆ ತಾನು ಸತ್ತವನು.
ಮೂರು ಸಲ ಮಾಡಿದೆ.
"ಗ್ಯಾಂಗ್ ಬಿಟ್ಟು ಹೋಗೈತ್ರೀ. ಯಾವ ಹುಡುಗ?"
ಬರೆದೆ: ಸಂಪರ್ಕಕ್ಕೆ ಸಿಗಲಿಲ್ಲ.
ಬರೆಯುವಾಗ ಒಂದು ಸಮಾಧಾನ,
ಸಿಗದವನು ಎಲ್ಲೋ ಇದ್ದಾನಲ್ಲ ಎಂದು.
ನಾಚಿಕೆಯ ಮಾತು. ಅದನ್ನೂ ಇಲ್ಲಿ ನಮೂದಿಸಿದ್ದೇನೆ.

ಈಗ ಮತ್ತೆ ಸುಗ್ಗಿ, ಹೊಸ ನಮೂನೆ, ನಲವತ್ತಾರು ಕಾಲಮ್ಮು.
ಮೊನ್ನೆ ರಾತ್ರಿ ಹಾಲಿನ ಕ್ಯಾನಿನ ಭೀಮಶಿ
ಭುಜ ಜಾರಿಸಿಕೊಂಡು ಬಂದ.
ಎಲ್ಲಿ ಬಿದ್ದಿರಿ?
ಹಲ್ಲು ಕಚ್ಚಿಕೊಂಡೇ, ದಿನವೂ ಕರೆಯುವ ಊರಿನ ಹೆಸರಿನಂತೆ ಅಂದ:
"ಹುಡುಗನ ಬೇವಿನ ಹಂತ್ಯಾಕರೀ."
ಯಾವ ಹುಡುಗ?
"ಕಬ್ಬು ಹಿರಿಯಾಕ ಹೋಗಿ ಸತ್ತಿತ್ತಲ್ರೀ, ಹ್ವಾದ ಸುಗ್ಯಾಗ.
ನೀವು ಬರಕೊಂಡಿಲ್ಲೇನು?"

ಹೋದ ವರ್ಷದ ಲೆಕ್ಕ ಮುಚ್ಚಿ ಮೊಹರಾಗಿದೆ.
ಗಿಡ್ಡ ಕಾಲಿನ ಕೆಳಗಿನ ಮಡಿಕೆಯಲ್ಲೆಲ್ಲೋ
ಅವನ ಕಾರ್ಬನ್ ಪ್ರತಿ.
ಭೀಮಶಿಯ ಹಾಳೆಯಲ್ಲಿ, ಸ್ಥಳದ ಎದುರು,
ಅವನು ಅಂದ ಹಾಗೆಯೇ ಬರೆದೆ.
ಒತ್ತಿ ಬರೆದೆ,
ಕೆಳಗಿನ ಪ್ರತಿಗೂ ಇಳಿಯಲಿ ಎಂದು.