ವೀಸ, ಕಾಣಿ

ರಾದರ್‌ಹ್ಯಾಮ್ ಪೇಟೆ, ರತ್ನಗಂಬಳಿ ಅಂಗಡಿಯ ಮೇಲಿನ ಮಹಡಿ.
ಕಿಟಕಿಗೆ ಕಪ್ಪು ಕಾಗದ. ಹದಿನಾಲ್ಕು ಪರದೆ, ಒಂದೇ ಹೀಟರು,
ಅದೂ ಕ್ಲೆಗ್‌ನ ಮಂಡಿಯ ಕಡೆಗೆ ತಿರುಗಿಸಿಟ್ಟದ್ದು.
ಶನಿವಾರವೆಲ್ಲ ಇಲ್ಲಿ ಕೂತು ನಾನು
ಬೇರೆಯವರ ಕಾಲನ್ನು ನನ್ನ ಬೆರಳಿಂದ ಎಣಿಸುತ್ತೇನೆ.

ಪಾಸಿಗೊಂದು ಕೀಲಿ, ಗುದ್ದಾಟಕ್ಕೊಂದು,
ತಲೆಗೆ ತಾಗಿದರೆ ಇನ್ನೊಂದು;
ಗೋಲಿನತ್ತ ಹೊಡೆದರೆ ಮಾತ್ರ ಮೌಸ್ ಹಿಡಿದು
ಹಸಿರು ಚೌಕದ ಮೇಲೆ, ಇಗೋ ಇಲ್ಲಿಂದ, ಎಂದು ಚುಕ್ಕಿ ಇಡಬೇಕು.
ಚುಕ್ಕಿ ನೋಡಿ ಯಂತ್ರ ಬೆಲೆ ಕಟ್ಟುತ್ತದೆ:
ಇಂಥ ಜಾಗದಿಂದ ನೂರು ಜನ ಹೊಡೆದರೆ ಎಷ್ಟು ಜನರದು ಗೋಲು.

ಜೀವಮಾನದಲ್ಲಿ ನಾನು ಚೆಂಡು ಒದ್ದವಳಲ್ಲ.
ಕೆಲಸಕ್ಕೆ ತೆಗೆದುಕೊಂಡದ್ದು ಟೈಪಿಂಗ್ ವೇಗ ನೋಡಿ.
ದಶಾಂಶ ಕಂಡಾಗ ಈಗಲೂ ನಾಲಿಗೆಗೆ ಬರುವುದು
ಸೋದರತ್ತೆ ತಲೆಗೆ ಮೊಟಕಿ ಕಲಿಸಿದ ಲೆಕ್ಕ:
ನಾಲ್ಕರಲ್ಲೊಂದು ಹಾಗ, ಎಂಟರಲ್ಲೊಂದು ಬೇಳೆ,
ಹದಿನಾರರಲ್ಲೊಂದು ವೀಸ, ಅರವತ್ತನಾಲ್ಕರಲ್ಲೊಂದು ಕಾಣಿ.
ಚಿನಿವಾರ ಪೇಟೆಯಲ್ಲಿ ತಕ್ಕಡಿ ಹಿಡಿದು ಬದುಕಿದವಳು;
ಕಾಣಿಗಿಂತ ಕಿರಿದನ್ನು ದೇವರು ನೋಡಿಕೊಳ್ಳುತ್ತಾನೆ, ಅನ್ನುತ್ತಿದ್ದಳು.

ಒಂದೇ ಆಟ; ಮೂರು ದೇಶಕ್ಕೆ ಮೂರು ತರಹದ ಊಟ.
ಅಮೆರಿಕದವರಿಗೆ ಎಲೆ ತುಂಬ ಬೇಕು: ಓಟದ ವೇಗ, ಹೊಡೆತದ ಕೋನ,
ಗೆಲ್ಲುವ ಸಂಭವ ನಿಮಿಷಕ್ಕೊಮ್ಮೆ, ಹಪ್ಪಳ ಉಪ್ಪಿನಕಾಯಿ ಸಹಿತ.
ಆಸ್ಟ್ರೇಲಿಯಕ್ಕೆ ಕಿಲೋಮೀಟರು: ಯಾರು ಎಷ್ಟು ಬೆವರಿದರು ಅನ್ನುವುದೇ ಮುಖ್ಯ.
ಇಲ್ಲಿಯವರು ಒಂದೇ ಒಂದು ಅಂಕಿಯನ್ನು, ಅದೂ ಪಂದ್ಯ ಮುಗಿದ ಮೇಲೆ,
ಪರರ ಸಂಬಳ ಕೇಳಿದಷ್ಟು ನಾಚಿಕೆಯಿಂದ
ಪರದೆಯ ಮೂಲೆಯಲ್ಲಿ ತೋರಿಸುತ್ತಾರೆ.

ಆವತ್ತು ಕಪ್ಪಿನ ಮೊದಲ ಸುತ್ತು. ಒಂದು ಗೋಲು ಹಿಂದೆ,
ತೊಂಬತ್ತು ದಾಟಿ ಮೂರು ನಿಮಿಷ. ಕಾರ್ನರ್.
ತನ್ನ ಗೂಡು ಬಿಟ್ಟು ಓಡಿ ಬಂದ ಗೋಲ್‌ಕೀಪರ್ ಓಲ್ಡ್‌ರಾಯ್ಡ್,
ಹಸಿರಂಗಿಯ ದಪ್ಪ ಮನುಷ್ಯ, ಕೈಗವಸಿನ ಸಮೇತ,
ಎಲ್ಲರ ಮೇಲೆದ್ದು ತಲೆ ಕೊಟ್ಟ.
ನನಗೆ ಸೀನು ಬಂತು.
ಅಷ್ಟೇ. ಕೆಳಗಿನ ಗಂಬಳಿಗಳ ಧೂಳು. ಕೈ ಅದುರಿ
ಚುಕ್ಕಿ ನಾಲ್ಕು ಗಜ ಹಿಂದೆ ಬಿತ್ತು;
ವೀಸವಾಗಬೇಕಾದ್ದು ಕಾಣಿಯಾಯಿತು.
ಚೆಂಡು ಬಲೆಯೊಳಗೆ.

ಆ ಕ್ಲಬ್ಬಿನ ಅರ್ಧ ಪಾಲು ಒಹಾಯೊದ ಹಾಸಿಗೆ ವ್ಯಾಪಾರಿಯದು.
ಅರೆನಿಮಿಷದಲ್ಲಿ ಅಲ್ಲೊಬ್ಬ ಗಂಟಲು ಹರಿದುಕೊಂಡ:
ನೂರಕ್ಕೆ ಒಂದೂವರೆ! ಈ ವರ್ಷವೆಲ್ಲ ಜರಡಿ ಹಿಡಿದರೂ
ಇಷ್ಟು ಅಸಂಭವದ ಗೋಲು ಇನ್ನೊಂದಿಲ್ಲ!
ಪರ್ತ್‌ನಲ್ಲಿ ಅದಕ್ಕೊಂದು ಕೆಂಪು ಗೆರೆಯ ನಕ್ಷೆ.
ಇಲ್ಲಿಯ ಕಾಮೆಂಟರಿಯವನು ತುಸು ಸುಮ್ಮನಿದ್ದು
'ಸರಿ, ಇದೂ ಆಯಿತು' ಅಂದ.
ಸೀನಿದರೆ ನಮ್ಮಲ್ಲಿ ಚಿರಂಜೀವಿ ಅನ್ನುತ್ತಾರೆ;
ನನ್ನ ಸೀನಿಗೆ ಆ ಹರಕೆ ಅಟ್ಲಾಂಟಿಕ್ ಆಚೆಯಿಂದ ಬಂತು.

ರಾತ್ರಿ ಹತ್ತಕ್ಕೆ ತಪಾಸಣೆ. ಕ್ಲೆಗ್ ಹಳೆಯ ಲೈನ್ಸ್‌ಮನ್,
ಇಪ್ಪತ್ತು ವರ್ಷ ಬೈಸಿಕೊಂಡೇ ಗೆರೆ ಕಾದವನು.
ನಾನೇ ಹೇಳಿದೆ. ಚುಕ್ಕಿಯನ್ನು ಮುಂದಕ್ಕೆಳೆದ; ಕಾಣಿ ಮತ್ತೆ ವೀಸ.
ಕೂಗಿದವನು ಕೂಗಿಯಾಗಿತ್ತು.
'ಅದು ಬಿಡು,' ಅಂದ, 'ಇವನನ್ನು ನೋಡು.'
ಹಿಂದಕ್ಕೆ ತಿರುಗಿಸಿದ, ಮತ್ತೆ, ಮತ್ತೆ.
ಇಪ್ಪತ್ತೆರಡನೇ ಅಂಗಿ. ಕಾರ್ನರ್ ಒದೆಯುವ ಮುಂಚೆಯೇ
ಹತ್ತಿರದ ಕಂಬಕ್ಕೆ, ಕೈಯೆತ್ತಿ, ಓಡುತ್ತಾನೆ ಬಾರದ ಚೆಂಡಿಗೆ;
ಇಬ್ಬರು ಅವನ ಬೆನ್ನಿಗೆ.
ಅವರು ಬಿಟ್ಟ ಜಾಗದಲ್ಲೇ ಓಲ್ಡ್‌ರಾಯ್ಡ್ ಎದ್ದದ್ದು.
ಕೀಲಿಮಣೆಯನ್ನೆಲ್ಲ ಹುಡುಕಿದೆ. ಇದಕ್ಕೆ ಕೀಲಿ ಇಲ್ಲ.
ಅವನ ಹೆಸರಿನ ಮುಂದೆ, ಆ ನಿಮಿಷಕ್ಕೆ, ಸೊನ್ನೆ.

ದೀಪ ಆರಿಸಿ ಮೆಟ್ಟಿಲಿಳಿದು ಬಂದಾಗ
ಕ್ಲೆಗ್ ತನ್ನ ಚೀಲ ನನ್ನ ಕೈಗೆ ಕೊಟ್ಟ.
ಸುರುಳಿ ಸುತ್ತಿ ನಿಲ್ಲಿಸಿದ ಗಂಬಳಿಗಳ ನಡುವೆ,
ಕೆಟ್ಟ ಮಂಡಿಯ ಮೇಲೆ ಭಾರ ಹಾಕದೆ,
ಎರಡು ಹೆಜ್ಜೆ ಓಡಿ ತೋರಿಸಿದ: ಹೀಗೆ,
ಚೆಂಡು ತನಗೇ ಬರುತ್ತದೆಂದು ಕೈಯೆತ್ತಿ.
ನೋಡಿಕೊಂಡರೆ ನಾನೂ
ಅವನ ಹಿಂದೆ ಒಂದು ಹೆಜ್ಜೆ ಇಟ್ಟಿದ್ದೆ.