ಕಲಂ ಎಪ್ಪತ್ತೇಳು

ಮಂಡ್ಯ ಕೋರ್ಟಿನಲ್ಲಿ ಬೆರಳಚ್ಚುಗಾರ ನಾನು, ಹತ್ತೊಂಬತ್ತು ವರ್ಷ.
ಕಲಂ ಎಪ್ಪತ್ತೇಳು ನನ್ನ ಬೆರಳಿಗೇ ಬಾಯಿಪಾಠ:
ಮಗುವಿಗೆ ಮದ್ಯ ಕೊಟ್ಟವರಿಗೆ, ಕೊಡಿಸಿದವರಿಗೆ
ಏಳು ವರ್ಷದವರೆಗೆ ಕಠಿಣ ಸಜೆ, ಲಕ್ಷದವರೆಗೆ ದಂಡ.
ವೈದ್ಯರ ಚೀಟಿಗೆ ಮಾತ್ರ ವಿನಾಯಿತಿ.
ಅಲ್ಪವಿರಾಮ ಎಲ್ಲಿ ಬರುತ್ತದೆ ಗೊತ್ತು.
ಕಣ್ಣು ಮುಚ್ಚಿ ಹೊಡೆಯಬಲ್ಲೆ.

ಅಷ್ಟು ವರ್ಷವೂ ಕಣ್ಣು ಮುಚ್ಚಿಯೇ ಹೊಡೆದಿದ್ದೆನೇನೋ.

ಬಸರಾಳಿನಲ್ಲಿ ಬೀಗರೂಟ. ಷಾಮಿಯಾನದ ಹಿಂದೆ,
ಮುದ್ದೆ ತಿರುವುವ ಒಲೆಯ ಹೊಗೆಯಾಚೆ
ಟ್ರ್ಯಾಕ್ಟರ್ ಟ್ರೈಲರಿನ ನೆರಳಲ್ಲಿ ನಾವು ಐದು ಜನ ಗಂಡಸರು,
ಬೋಟಿ ಗೊಜ್ಜಿನ ತಟ್ಟೆ, ಎರಡು ಬಾಟಲಿ.
ನೀರಿನ ಕ್ಯಾನು ಹೊತ್ತು ತಂದ ಮಿಥುನ, ಅಕ್ಕನ ಮಗ,
ಒಂಬತ್ತನೇ ಕ್ಲಾಸು.
ಇಳಿಸಿದವನು ಹೋಗಲಿಲ್ಲ. ನಿಂತ.

'ಎರಡು ಹನಿ ಕುಡೀಲಿ ಬುಡ್ಲಾ, ಗಂಡುಡ್ಗ,'
ಅಂದದ್ದು ಕೆಂಪರಾಜು.
ಬಗ್ಗಿಸಿದ್ದು ನಾನು.

ಇದನ್ನು ಬೇರೆ ಬೇರೆ ಥರ ಟೈಪು ಮಾಡಿ ನೋಡಿದ್ದೇನೆ:
ಬಗ್ಗಿಸಲಾಯಿತು. ಬಗ್ಗಿಸಿದ್ದಾಗಿತ್ತು. ಯಾರೋ ಬಗ್ಗಿಸಿದರು.
ಕರ್ತೃವಿಲ್ಲದ ವಾಕ್ಯಕ್ಕೆ ಕಚೇರಿಯಲ್ಲಿ ಬರವಿಲ್ಲ,
ಎಂಥೆಂಥ ಆಪಾದಿತರೋ ಅದರೊಳಗೆ ಅಡಗಿ ಕೂತದ್ದು ಕಂಡಿದ್ದೇನೆ.

ಹುಡುಗ ಮೂಗು ಹಿಡಿದು ಕಷಾಯದ ಹಾಗೆ ಕುಡಿದ.
ನಾವು ಚಪ್ಪಾಳೆ ತಟ್ಟಿದೆವು.
ಎರಡನೇ ಸಲ ಲೋಟ ಅವನೇ ಚಾಚಿದ.
ಮೂರನೆಯದರ ಲೆಕ್ಕ ಯಾರ ಹತ್ತಿರವೂ ಇಲ್ಲ.

ಕಬ್ಬಿನ ಗದ್ದೆಯ ಬದುವಿನಲ್ಲಿ ಸಿಕ್ಕ, ಅಂಗಾತ,
ಮೀಸೆ ಇನ್ನೂ ಮೂಡದ ಮೇಲ್ದುಟಿಗೆ
ಒಂದು ಅನ್ನದಗುಳು ಅಂಟಿತ್ತು.

ಮಿಮ್ಸ್ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು: 'ಯಾರು ಕೊಟ್ಟದ್ದು?'
ನಾನು ಬಾಯಿ ತೆರೆಯುವ ಮೊದಲೇ ಅಕ್ಕ,
'ಜ್ಯೂಸು ಅಂದ್ಕೊಂಡು ಅವನೇ ಕುಡ್ದವ್ನೆ ಮೇಡಂ.'
ಹೇಳುವಾಗ ಅವಳು ನೋಡಿದ್ದು ನನ್ನನ್ನು.
ಅಷ್ಟೇ ಸಾಕ್ಷ್ಯ. ಎಲ್ಲೂ ದಾಖಲಾಗಲಿಲ್ಲ.

ಹುಡುಗ ಬದುಕಿದ.
ಅಕ್ಕ ಈಗಲೂ ರಾಗಿ ಹಿಟ್ಟು ಕಳಿಸುತ್ತಾಳೆ,
ಚೀಲದ ಬಾಯಿ ಬಿಗಿದು, ಬೇರೆ ಯಾರದೋ ಕೈಲಿ.

ನಿನ್ನೆ ಸಂಜೆ ಮಿಥುನನ ಫೋನು.
ಹಿಂದೆ ಬಸ್ಸಿನ ಹಾರನ್ನು, ಹುಡುಗರ ನಗು.
'ಮಾವ, ಗುತ್ತಲು ರೋಡಲ್ಲಿದೀನಿ. ವೈನ್‌ಶಾಪಿನವ್ನು
ಇಪ್ಪತ್ತೊಂದು ಆಗಿರ್ಬೇಕು ಅಂತ ಬೋರ್ಡು ತೋರಿಸ್ತಾವ್ನೆ.
ನೀನು ಕೇಳಿದ್ರೆ ಕೊಡ್ತಾನೆ. ಬತ್ತೀಯಾ?'

ಅಲ್ಲೇ ಇರು ಅಂದೆ.
ಸ್ಕೂಟರಿನ ಕೀಲಿ ಸಿಗಲಿಲ್ಲ. ನಡೆದೇ ಹೊರಟೆ,
ಅವನಿಗೆ ಹೇಳಬೇಕಾದ್ದನ್ನು ತೊಡೆಯ ಮೇಲೆ ಬೆರಳಾಡಿಸುತ್ತ,
ನಾನು, ಎಂಬಲ್ಲಿಂದ ಶುರು ಮಾಡಿ,
ಅಳಿಸಿ,
ನಾನು.