ಸೊನ್ನೆ ಟಿಕೆಟ್

ಸದನದಲ್ಲಿ ನಾನೇ ಎದ್ದು ಕೇಳಿದ್ದೆ:
‘ಸತ್ತವರಿಗೂ ಪಿಂಚಣಿ ಕೊಡುವಷ್ಟು
ತುಂಬಿ ತುಳುಕುತ್ತಿದೆಯೇ ಬೊಕ್ಕಸ?’
ಮೇಜು ಕುಟ್ಟಿದರು. ನನ್ನ ತಾಲ್ಲೂಕಿನಲ್ಲೇ
ನಾನೂರ ಹದಿಮೂರು ಹೆಸರು ಹೊಡೆದರು.

ಇವತ್ತು ಗುಡಿಬಂಡೆ ಪ್ರವಾಸಿ ಮಂದಿರ.
ಚಿತ್ರಾನ್ನದ ತಟ್ಟೆ ಇನ್ನೂ ಕೈಯಲ್ಲಿದೆ,
ಹಂಪಸಂದ್ರದ ವೆಂಕಟರವಣಮ್ಮ ಬಾಗಿಲಲ್ಲಿ:
‘ನಾನು ಸತ್ತೋಗಿದ್ದೀನಂತೆ, ಸಾ.
ಹೋದ ಕಾರ್ತೀಕದಿಂದ.’

ಬೆರಳಚ್ಚು ಹತ್ತುವುದಿಲ್ಲ,
ಇಟ್ಟಿಗೆ ಗೂಡಿನಲ್ಲಿ ಸವೆದದ್ದು.
‘ಬದುಕಿರೋದಕ್ಕೆ ದಾಖಲೆ?’ ಅಂದ ನನ್ನ ಪಿ.ಎ.

ಎಲೆಅಡಿಕೆ ಚೀಲದಿಂದ ತೆಗೆದಳು
ಬೆವರಿಗೆ ಮೆತ್ತಗಾದ ಬಸ್ ಟಿಕೆಟ್—
ಇವತ್ತಿನ ತಾರೀಕು, ಎಂಟೂ ಹತ್ತು,
ಮಹಿಳೆ ಒಂದು, ಮೊತ್ತ ಸೊನ್ನೆ.
‘ಕಂಡಕ್ಟರು ನಂಬಿದ, ಸಾ.’

ಅದೂ ದಂಡದ ಖರ್ಚೆಂದು
ನಾಳಿದ್ದು ಮಾತಾಡಲು ಬರೆದ ಚೀಟಿ
ಜೇಬಿನಲ್ಲಿದೆ.
ಟಿಕೆಟ್ಟನ್ನೂ ಅಲ್ಲೇ ಇಡಹೋದೆ.

‘ಕೊಡಿ ಸಾ,’ ಕೈ ಚಾಚಿದಳು,
‘ಅದೊಂದೇ ಇರೋದು.’